ಕಿಲಿಮಂಜಾರೊದ ಬಾಳೆತೋಟ, ಕಾಫಿ, ಭಾನುವಾರ: ಚಗ್ಗಾ ರೈತರ ಬದುಕಿನ ಬಗ್ಗೆ ಒಂದು ಚರ್ಚೆ

ಮೋಶಿನಿವಾಸಿ:

ಟಾಂಜಾನಿಯಾ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಸೆರೆಂಗೆಟಿಯ ಸಿಂಹ, ಇಲ್ಲವೇ ಕಿಲಿಮಂಜಾರೊ ಶಿಖರ ಹತ್ತಿದವರು ಹಂಚಿಕೊಳ್ಳುವ ಫೋಟೊ. ಆ ಪರ್ವತದ ಮಗ್ಗುಲಲ್ಲೇ ತಲೆತಲಾಂತರದಿಂದ ಬೇಸಾಯ ಮಾಡಿಕೊಂಡಿರುವ ಜನರನ್ನು ಯಾರೂ ಕೇಳುವುದಿಲ್ಲ. ನಾನು ಕೆಲಸದ ನಿಮಿತ್ತ ಮೋಶಿ ಪಟ್ಟಣದಲ್ಲಿದ್ದೇನೆ. ಮನೆಯ ಮಾಲೀಕರು, ಸಹೋದ್ಯೋಗಿಗಳಲ್ಲಿ ಅರ್ಧದಷ್ಟು ಜನ, ಬೆಳಿಗ್ಗೆ ಹಾಲು ತರುವ ಅಮ್ಮ, ಎಲ್ಲರೂ ಚಗ್ಗಾ ಸಮುದಾಯದವರು. ಈ ಚರ್ಚಾ ವೇದಿಕೆಯಲ್ಲಿ ಕಾಫಿ ಬೆಳೆಗಾರರೂ ಮಂಗಳೂರಿನ ಕ್ರೈಸ್ತ ಸ್ನೇಹಿತರೂ ಇದ್ದಾರೆಂದು ಗೊತ್ತು. ಅದಕ್ಕೇ ಈ ಚರ್ಚೆ ಆರಂಭಿಸುತ್ತಿದ್ದೇನೆ.

ಚಗ್ಗಾ ಜನ ಬಾಂಟು ಭಾಷಿಕರು. 5895 ಮೀಟರ್ ಎತ್ತರದ ಕಿಲಿಮಂಜಾರೊದ ದಕ್ಷಿಣ ಮತ್ತು ಪೂರ್ವ ಇಳಿಜಾರುಗಳು ಇವರ ನೆಲ. ಕೆಳಗೆ ಒಣ ಬಯಲು, ಮೇಲೆ ದಟ್ಟ ಕಾಡು. ನಡುವೆ ಹೆಚ್ಚುಕಡಿಮೆ 1000ದಿಂದ 1800 ಮೀಟರ್ ಎತ್ತರದವರೆಗೆ ಒಂದೇ ಸಮನೆ ಹಸಿರು. ಒತ್ತಾಗಿ ಮನೆಗಳಿರುವ ಕೇರಿ ಅಲ್ಲಿ ಸಿಗುವುದಿಲ್ಲ. ಪ್ರತಿ ಕುಟುಂಬವೂ ತನ್ನ ತೋಟದೊಳಗೇ ವಾಸಿಸುತ್ತದೆ. ಈ ಮನೆತೋಟಕ್ಕೆ ಕಿಹಾಂಬ ಎನ್ನುತ್ತಾರೆ. ಬಾಳೆ, ಕಾಫಿ, ಕೆಸು, ಗೆಣಸು, ಕಟ್ಟಿ ಮೇಯಿಸುವ ಒಂದೆರಡು ಹಸು, ಆಡು, ಕೋಳಿ ಎಲ್ಲವೂ ಅದರಲ್ಲೇ. ಮನೆಯವರು ಸತ್ತರೆ ಹೂಳುವುದೂ ಅದರಲ್ಲೇ. ಮೆಕ್ಕೆಜೋಳ, ಹುರುಳಿಕಾಯಿ, ಸೂರ್ಯಕಾಂತಿಗೆ ಕೆಳಗಿನ ಬಯಲಿನಲ್ಲಿ ಬೇರೆ ಹೊಲ ಇರುತ್ತದೆ, ಅದು ಶಾಂಬ. ಶಾಂಬವನ್ನು ಮಾರಬಹುದು, ಗೇಣಿಗೆ ಕೊಡಬಹುದು. ಕಿಹಾಂಬ ಮಾರುವವನನ್ನು ನೆಂಟರು ನೋಡುವ ರೀತಿಯೇ ಬೇರೆ.

ಇವರಲ್ಲಿ ಬಹುತೇಕರು ಕ್ರೈಸ್ತರು. ಮಾಚಾಮೆ, ಮರಾಂಗು, ಹಳೆ ಮೋಶಿ, ಮ್ವಿಕಾ ಕಡೆಯವರೆಂದರೆ ಸಾಮಾನ್ಯವಾಗಿ ಲುಥೆರನ್, ಅಂದರೆ ಪ್ರೊಟೆಸ್ಟಂಟರ ಒಂದು ಪಂಗಡ. ಕಿಬೊಶೊ, ಕಿಲೆಮಾ, ರೊಂಬೊ ಎಂದರೆ ಕ್ಯಾಥೊಲಿಕ್. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಯಾವ ಬೆಟ್ಟದ ಮಾಂಗಿ, ಅಂದರೆ ಪಾಳೆಯಗಾರ, ಯಾವ ಮಿಷನ್ನಿಗೆ ಜಾಗ ಕೊಟ್ಟನೋ ಅದರ ಮೇಲೆ ಈ ನಕ್ಷೆ ನಿಂತಿದೆ. ಹುಡುಗಿ ನೋಡಲು ಹೋಗುವಾಗ ಈಗಲೂ ಮೊದಲು ಕೇಳುವ ಪ್ರಶ್ನೆ ಇದೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರಾದರೂ ಜಗಳ ತೆಗೆಯಲಿ. ಇವರ ನಂಬಿಕೆ ಅರ್ಥವಾಗಬೇಕಾದರೆ ಚರ್ಚಿನ ಬೆಂಚಿನ ಮೇಲೆ ಕುಳಿತರೆ ಸಾಲದು, ಕಿಹಾಂಬದೊಳಗೆ ಹೋಗಬೇಕು. ಇವರ ದೇವರು, ಹಿರಿಯರು, ಬಾಳೆಗೊನೆ, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಆ ಎಕರೆ ಒಂದೂವರೆ ಎಕರೆ ನೆಲದಲ್ಲಿ ಕೂಡಿಕೊಂಡಿವೆ.

ಮೂಡಿಗೆರೆ ತೋಟಗಾರ:

ಸ್ವಾರಸ್ಯವಾಗಿದೆ ಸರ್. ನನಗೆ ಮೊದಲು ತೋಟದ ವಿಷಯ ಹೇಳಿ, ದೇವರ ವಿಷಯ ಆಮೇಲೆ. ಎಕರೆ ಒಂದೂವರೆ ಎಕರೆಯಲ್ಲಿ ಬಾಳೆ, ಕಾಫಿ, ದನ ಎಲ್ಲ ಹೇಗೆ ಸಾಧ್ಯ? ನೆರಳಿಗೆ ಏನು ಮರ? ನೀರು ಎಲ್ಲಿಂದ? ಆಳು ಸಿಗುತ್ತಾರೆಯೇ? ನಮ್ಮಲ್ಲಿ ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಕಡಿಯಲು, ಜನ ಹುಡುಕುವುದೇ ದೊಡ್ಡ ಕೆಲಸವಾಗಿದೆ.

ಮೋಶಿನಿವಾಸಿ:

ತೋಟಗಾರರೇ, ಆಳು ಎಂಬುದೇ ಇಲ್ಲ ಎನ್ನಬಹುದು. ಮನೆಯವರೇ ಎಲ್ಲ.

ಮೇಲಿನ ಅಂತಸ್ತಿನಲ್ಲಿ ಆಲ್ಬಿಜಿಯಾ, ಕಾರ್ಡಿಯಾದಂತಹ ಊರಿನ ಮರಗಳು. ನಿಮ್ಮ ಸಿಲ್ವರ್ ಓಕ್ ಕೂಡ ಇದೆ, ಅಲ್ಲಿಗೂ ಆಸ್ಟ್ರೇಲಿಯಾದಿಂದ ಬಂದದ್ದೇ. ಅದರ ಕೆಳಗೆ ಬಾಳೆ, ಬಾಳೆಯ ಕೆಳಗೆ ಅರೇಬಿಕಾ, ಕಾಫಿಯ ಬುಡದಲ್ಲಿ ಕೆಸು, ಸೊಪ್ಪು, ಮೇವಿನ ಹುಲ್ಲು. ಹಸುವನ್ನು ಹೊರಗೆ ಬಿಡುವುದಿಲ್ಲ. ಬಾಳೆದಿಂಡು, ಎಲೆ, ಬಯಲಿನಿಂದ ಹೆಂಗಸರು ಹೊತ್ತು ತರುವ ಹುಲ್ಲು ಅದಕ್ಕೆ ಮೇವು. ಅದರ ಗೊಬ್ಬರ ಬಾಳೆಗೆ. ಬಾಳೆಯಲ್ಲಿ ಬೇಯಿಸುವುದಕ್ಕೆ ಬೇರೆ, ಹೆಂಡಕ್ಕೆ ಬೇರೆ, ಹಣ್ಣಿಗೆ ಬೇರೆ ತಳಿ. ಬಾಣಂತಿಗೆ ಮ್ಟೋರಿ ಎಂಬ ಬಾಳೆಕಾಯಿ ಮತ್ತು ಮಾಂಸದ ಗಟ್ಟಿ ಸಾರು ಕೊಡಲೇಬೇಕು. ಲೆಕ್ಕ ಹೀಗೆ: ಕಾಫಿಯ ಹಣ ಗಂಡಸಿನದು, ಬಾಳೆ ಮತ್ತು ಹಾಲಿನ ಹಣ ಹೆಂಗಸಿನದು. ಸಂತೆಯ ದಿನ ಮರಾಂಗುವಿಗೋ ಮ್ವಿಕಾಗೋ ಹೋದರೆ ಬಾಳೆಗೊನೆ ಇಟ್ಟುಕೊಂಡು ಕುಳಿತವರು ಬಹುತೇಕ ಹೆಂಗಸರೇ.

ನೀರಿನ ವ್ಯವಸ್ಥೆ ನೋಡಲೇಬೇಕಾದದ್ದು. ಕಾಡಿನೊಳಗಿನ ತೊರೆಗಳಿಂದ ಬೆಟ್ಟದ ಮೈಯುದ್ದಕ್ಕೂ ಕಾಲುವೆ ತೋಡಿ ಕೆಳಗಿನ ತೋಟಗಳಿಗೆ ತಂದಿದ್ದಾರೆ. ಹೆಸರು ಮ್ಫೋಂಗೊ. ಯುರೋಪಿನವರು ಕಾಲಿಡುವ ಮೊದಲೇ ಈ ಕಾಲುವೆಗಳಿದ್ದವು. ತೋಡಿದ ವಂಶದ ಹಿರಿಯನ ಉಸ್ತುವಾರಿಯಲ್ಲಿ ನೀರಿನ ಸರದಿ ಹಂಚುತ್ತಾರೆ, ಹೂಳು ತೆಗೆಯುವ ದಿನ ಮನೆಗೊಬ್ಬರು ಬರಬೇಕು, ಬಾರದವರಿಗೆ ದಂಡ. ಹಲವು ಕಾಲುವೆಗಳು ಈಗ ಬತ್ತಿವೆ, ಕೆಲವನ್ನು ಪೈಪು ನುಂಗಿದೆ. ಉಳಿದ ಕಡೆ ಸರದಿಗಾಗಿ ನಡೆಯುವ ಜಗಳ ನಮ್ಮ ನಾಲೆಗಳ ಜಗಳಕ್ಕೆ ಏನೂ ಕಡಿಮೆಯಿಲ್ಲ. ಕಿಲಿಮಂಜಾರೊದ ಶಿಂಬ್ವೆ ಜೂ ಎಂಬ ಹಳ್ಳಿಯ ಕಿಹಾಂಬ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಸಂಶಯಿ:

ತೋಟ ಚೆನ್ನಾಗಿದೆ, ಒಪ್ಪಿದೆ. ಆದರೆ "ನಂಬಿಕೆ" ಎಂದು ಇಷ್ಟು ಮೃದುವಾಗಿ ಬರೆಯುವಾಗ ಅದು ಹೇಗೆ ಬಂತು ಎಂಬುದನ್ನೂ ಬರೆಯಬೇಕಲ್ಲವೇ? ಜರ್ಮನ್ನರು ಫಿರಂಗಿ ತಂದರು, ಹಿಂದೆಯೇ ಪಾದ್ರಿಗಳು ಬೈಬಲ್ ತಂದರು. ಹಳೆ ಮೋಶಿಯ ಮಾಂಗಿ ಮೆಲಿಯನ್ನು 1900ರಲ್ಲಿ ಜರ್ಮನ್ನರು ಗಲ್ಲಿಗೇರಿಸಿದರು. ಅವನ ತಲೆ ಕತ್ತರಿಸಿ ಜರ್ಮನಿಗೆ ಒಯ್ದರೆಂದು ಊರವರು ಹೇಳುತ್ತಾರೆ, ಆ ತಲೆಬುರುಡೆಗಾಗಿ ಅವನ ವಂಶದವರು ದಶಕಗಳಿಂದ ಹುಡುಕುತ್ತಿದ್ದಾರೆ. ಅದೇ ಊರಿನಲ್ಲಿ ಲುಥೆರನ್ ಮಿಷನ್ ಬೆಳೆಯಿತು. ಇದನ್ನು ಬಿಟ್ಟು ಬಾಳೆಗೊನೆಯ ಮಾತಾಡಿದರೆ ಪ್ರವಾಸಿ ಕರಪತ್ರವಾಗುತ್ತದೆ.

ಬಲ್ಮಠದ ಓದುಗಿ:

ಸಂಶಯಿ ಅವರೇ, ಮೆಲಿಯ ವಿಷಯ ನೀವು ಹೇಳಿದ್ದು ನಿಜ, ಅದನ್ನು ಯಾರೂ ಮುಚ್ಚಿಡಬಾರದು. ಆದರೆ "ಫಿರಂಗಿ, ಹಿಂದೆಯೇ ಬೈಬಲ್" ಎಂಬ ಕ್ರಮ ಇಲ್ಲಿಗೆ ಹೊಂದುವುದಿಲ್ಲ. ಯೋಹಾನೆಸ್ ರೆಬ್‌ಮನ್ ಎಂಬ ಮಿಷನರಿ ಕಿಲಿಮಂಜಾರೊದ ಹಿಮವನ್ನು ಕಂಡು ವರದಿ ಮಾಡಿದ್ದು 1848ರಲ್ಲಿ. ಆಗ ಅಲ್ಲಿ ಜರ್ಮನ್ ಆಡಳಿತವಿರಲಿ, ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. ಸಮಭಾಜಕ ವೃತ್ತದ ಬಳಿ ಹಿಮವೇ ಎಂದು ಲಂಡನ್ನಿನ ಪಂಡಿತರು ಅವನನ್ನು ಗೇಲಿ ಮಾಡಿದರು.

ನಮಗೆ ಸಂಬಂಧಪಟ್ಟ ಸಂಗತಿಯೊಂದಿದೆ. ರೆಬ್‌ಮನ್ ತರಬೇತಿ ಪಡೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದವರೂ, "ಮಂಗಳೂರು ಸಮಾಚಾರ" ಹೊರಡಿಸಿದ ಮೋಗ್ಲಿಂಗ್, ನಿಘಂಟು ಕಟ್ಟಿದ ಕಿಟೆಲ್ ಇವರೂ ಅದೇ ಸಂಸ್ಥೆಯಿಂದ ಬಂದವರು. ರೆಬ್‌ಮನ್ ಮಾತ್ರ ಇಂಗ್ಲಿಷ್ ಮಿಷನ್ನಿನ ಪರವಾಗಿ ಆಫ್ರಿಕಾಕ್ಕೆ ಹೋದ. ಮಂಗಳೂರಿನ ನಮ್ಮ ಬಲ್ಮಠದ ಹಳೆಯ ಮಿಷನ್ ಕಟ್ಟಡಗಳ ಮುಂದೆ ಹಾದುಹೋಗುವಾಗ ನನಗೆ ಇದು ನೆನಪಾಗುವುದುಂಟು.

ಇನ್ನೊಂದು ಮಾತು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತಿತು, ಬ್ರಿಟಿಷರು ಬಂದರು, 1920ರಲ್ಲಿ ಜರ್ಮನ್ ಮಿಷನರಿಗಳನ್ನು ದೇಶ ಬಿಡಿಸಿದರು. ಕೆಲವು ವರ್ಷ ಅವರು ಮರಳಲಿಲ್ಲ. ಬಲವಂತದ ನಂಬಿಕೆಯಾಗಿದ್ದರೆ ಆಗಲೇ ಚರ್ಚುಗಳಿಗೆ ಬೀಗ ಬೀಳಬೇಕಿತ್ತು. ಚಗ್ಗಾ ಉಪದೇಶಿಗಳೂ ಶಾಲಾ ಮೇಷ್ಟ್ರುಗಳೂ ಸಭೆಗಳನ್ನು ನಡೆಸಿಕೊಂಡು ಹೋದರು. 1934ರಲ್ಲಿ ಅವರಲ್ಲಿ ಕೆಲವರಿಗೆ ಪಾಸ್ಟರ್ ದೀಕ್ಷೆಯಾಯಿತು. 1963ರಲ್ಲಿ ಏಳು ಲುಥೆರನ್ ಸಭೆಗಳು ಒಂದಾದಾಗ ಅದರ ಮುಖ್ಯಸ್ಥರಾದ ಸ್ಟೆಫಾನೊ ಮೋಶಿ ಚಗ್ಗಾದವರೇ. ಇಂದು ಅದು ಜಗತ್ತಿನ ಅತಿ ದೊಡ್ಡ ಲುಥೆರನ್ ಸಭೆಗಳಲ್ಲೊಂದು. ಜರ್ಮನಿಯ ಚರ್ಚುಗಳು ಖಾಲಿ ಹೊಡೆಯುತ್ತಿರುವಾಗ ಇದು ತುಂಬಿ ತುಳುಕುತ್ತಿದೆ.

ಸಂಶಯಿ:

ಮೇಡಂ, ಮಾಹಿತಿಗೆ ವಂದನೆ. ಆದರೆ ತುಂಬಿದ್ದು ದೇವರಿಗಾಗಿಯೋ ಶಾಲೆಗಾಗಿಯೋ? ಅಕ್ಷರ ಬೇಕಿದ್ದವನಿಗೆ ಮಿಷನ್ ಬಿಟ್ಟು ಬೇರೆ ಬಾಗಿಲಿರಲಿಲ್ಲ. ಕಾಫಿಯೂ ಮಿಷನ್ನಿನ ಅಂಗಳದಿಂದಲೇ ಹರಡಿತಲ್ಲವೇ?

ಬಲ್ಮಠದ ಓದುಗಿ:

ಹೌದು, ಕಿಲೆಮಾದ ಕ್ಯಾಥೊಲಿಕ್ ಪಾದ್ರಿಗಳು 1890ರ ದಶಕದಲ್ಲಿ ನೆಟ್ಟ ಗಿಡಗಳಿಂದ. ಶಾಲೆಗಾಗಿ ಬಂದವರು ಬೇಕಾದಷ್ಟು ಜನ. ಅದರಲ್ಲಿ ತಪ್ಪೇನು? ಶಾಲೆಗಾಗಿ ಬಂದವನ ಮೊಮ್ಮಗ ಇಂದು ಸರ್ಕಾರಿ ಶಾಲೆ ಬಾಗಿಲಲ್ಲೇ ಇದ್ದರೂ ಭಾನುವಾರ ಚರ್ಚಿಗೆ ಹೋಗುತ್ತಾನೆ. ಅದಕ್ಕೆ ನಿಮ್ಮ ವಿವರಣೆ ಏನು?

ಮೋಶಿನಿವಾಸಿ:

ಇಬ್ಬರೂ ಒಳ್ಳೆಯ ಮಾತು ತೆಗೆದಿರಿ. ನಾನು ಕಂಡದ್ದನ್ನು ಸೇರಿಸುತ್ತೇನೆ, ತೀರ್ಪು ನೀವೇ ಕೊಡಿ.

ಬೆಟ್ಟದ ಮೇಲಿನ ಲುಥೆರನ್ ಚರ್ಚಿನಲ್ಲಿ ಆರಾಧನೆ ಎರಡು ಗಂಟೆಗೆ ಕಡಿಮೆ ಇರುವುದಿಲ್ಲ. ನಾಲ್ಕೈದು ಗಾಯನ ತಂಡಗಳು. ಯುವಕರದು, ತಾಯಂದಿರದು, ಕೆಲವೆಡೆ ಹಿತ್ತಾಳೆಯ ಕಹಳೆಯ ಬ್ಯಾಂಡ್ ಬೇರೆ. ಕಾಣಿಕೆಯ ಹೊತ್ತಿಗೆ ಎಲ್ಲರೂ ಸಾಲಾಗಿ ಮುಂದೆ ಬರುತ್ತಾರೆ. ನೋಟಿನ ಜೊತೆ ಬಾಳೆಗೊನೆ, ಮೊಟ್ಟೆ, ಒಂದು ಡಬ್ಬಿ ಹಾಲು, ಕಾಲು ಕಟ್ಟಿದ ಕೋಳಿ, ಕೆಲವೊಮ್ಮೆ ಆಡು. ಆಶೀರ್ವಾದ ಮುಗಿದು ಜನ ಅಂಗಳಕ್ಕೆ ಬಂದ ಮೇಲೆ ಹರಾಜು. ಅದೇ ಮೊಟ್ಟೆಯನ್ನು ಊರಿನ ಸಾಹುಕಾರ ಅಂಗಡಿಯ ಬೆಲೆಯ ಮೂರು ಪಟ್ಟು ಕೊಟ್ಟು ಕೊಳ್ಳುತ್ತಾನೆ. ಕೊಂಡು ಪಕ್ಕದಲ್ಲಿ ನಿಂತ ವಿಧವೆಯ ಕೈಗೆ ಕೊಡುತ್ತಾನೆ, ಅಥವಾ ಮತ್ತೆ ಹರಾಜಿಗೇ ಹಾಕುತ್ತಾನೆ. ಹರಾಜು ಕೂಗುವವನಿಗೆ ನಾಟಕದವರ ನಾಲಿಗೆ ಇರಬೇಕು, ಇಲ್ಲದಿದ್ದರೆ ಚರ್ಚಿನ ಮಾಡು ಏಳುವುದಿಲ್ಲ. ನನಗಂತೂ ಪ್ರವಚನಕ್ಕಿಂತ ಇದೇ ಇಷ್ಟ. ಕೈಯಲ್ಲಿ ಕಾಸಿಲ್ಲದ ಮುದುಕಿಯೂ ಒಂದು ಗೊನೆ ತಂದು ತಲೆಯೆತ್ತಿ ನಿಲ್ಲುವ ಜಾಗ ಅದು.

ಕ್ಯಾಥೊಲಿಕರಲ್ಲಿ ವಾರಕ್ಕೊಮ್ಮೆ ನೆರೆಹೊರೆಯ ಹತ್ತು ಹದಿನೈದು ಮನೆಯವರು ಸರದಿಯಂತೆ ಒಂದು ಮನೆಯಲ್ಲಿ ಸೇರುತ್ತಾರೆ, ಜುಮುಇಯಾ ಎನ್ನುತ್ತಾರೆ. ಪ್ರಾರ್ಥನೆ ಒಂದು ಭಾಗ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗನ ಶುಲ್ಕ ಬಾಕಿ, ಯಾರು ಗಂಡನ ಜೊತೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಇನ್ನೊಂದು ಭಾಗ. ಇದರಲ್ಲಿ ತೊಡಗದವರ ಮನೆಯ ಮದುವೆ, ಸಾವಿನ ಕಾರ್ಯ ಕಷ್ಟವಾಗುತ್ತದೆ. ಬಿಗಿ ಹಿಡಿತವೇ ಸರಿ, ಅದನ್ನು ಅಲ್ಲಗಳೆಯುವುದಿಲ್ಲ.

ಇನ್ನು ಎಂಬೆಗೆ. ಬೇಯಿಸಿ ಹುಳಿಬರಿಸಿದ ಬಾಳೆಗೆ ಮೊಳಕೆ ಬರಿಸಿದ ರಾಗಿಹಿಟ್ಟು ಸೇರಿಸಿ ಮಾಡುವ ಹೆಂಡ ಇದು. ಹೌದು, ನಮ್ಮ ರಾಗಿಯೇ. ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲೇ ಅದು ಹುಟ್ಟಿದ್ದು. ಹಿಂದೆ ಹಿರಿಯರಿಗೆ ಎರೆಯುತ್ತಿದ್ದುದು, ನ್ಯಾಯ ತೀರಿದ ಮೇಲೆ ಎರಡೂ ಕಡೆಯವರು ಕುಡಿಯುತ್ತಿದ್ದುದು ಇದನ್ನೇ. ಪುನರುಜ್ಜೀವನ ಪಂಥದವರು ಮುಟ್ಟುವುದಿಲ್ಲ. ಮಿಕ್ಕವರ ಮದುವೆಯಲ್ಲಿ ಇಡಿಯಾಗಿ ಸುಟ್ಟ ಆಡಿನ ಪಕ್ಕ ಎಂಬೆಗೆ ಇದ್ದೇ ಇರುತ್ತದೆ. ತೋಟದಲ್ಲಿ ಅಜ್ಜನ ಸಮಾಧಿಗೆ ಶಿಲುಬೆ ನೆಟ್ಟು ಟೈಲ್ಸ್ ಹಾಕಿಸಿರುತ್ತಾರೆ, ಅಂಚಿಗೆ ಇಸಾಲೆ ಗಿಡವೂ ಇರುತ್ತದೆ. ಡ್ರಸೀನಾ ಜಾತಿಯ ಈ ಗಿಡ ಬೇಲಿಗೂ ಗಡಿಗೂ ಪವಿತ್ರ. ಅದರ ಎಲೆ ಹಿಡಿದು ಕ್ಷಮೆ ಕೇಳಲು ಬಂದವನನ್ನು ತಿರುಗಿಸಿ ಕಳಿಸುವಂತಿಲ್ಲ. ಇದು ಕ್ರೈಸ್ತವೋ ಅದಕ್ಕೂ ಹಳೆಯದೋ ಎಂದು ನಮ್ಮ ಮನೆಯ ಮಾಲೀಕರನ್ನು ಕೇಳಿದಾಗ ನನ್ನನ್ನೇ ವಿಚಿತ್ರವಾಗಿ ನೋಡಿದರು. ಅವರು ಚರ್ಚಿನ ಹಿರಿಯರ ಸಮಿತಿಯಲ್ಲಿದ್ದಾರೆ.

ಬ್ರೂನೊ ಗುಟ್ಮನ್ ಎಂಬ ಲೈಪ್ಜಿಗ್ ಮಿಷನರಿ 1902ರಿಂದ 1938ರವರೆಗೆ, ನಡುವೆ ಬಿಡುವಿದ್ದರೂ, ಇಲ್ಲಿದ್ದ. ವಂಶ, ನೆರೆಹೊರೆ, ಒಂದೇ ವಯಸ್ಸಿನವರ ಕೂಟ ಇವನ್ನು ಒಡೆಯದೆ ಅವುಗಳ ಮೇಲೆಯೇ ಸಭೆ ಕಟ್ಟಬೇಕೆಂದು ಹಟ ಹಿಡಿದವನು. ಚಗ್ಗಾ ಜನರ ನ್ಯಾಯಪದ್ಧತಿಯನ್ನು ದಪ್ಪ ಗ್ರಂಥವಾಗಿ ಬರೆದಿಟ್ಟ. ಹಳೆಯದನ್ನು ಅತಿಯಾಗಿ ಮುದ್ದಿಸಿದ, ಚಗ್ಗಾ ಜನ ಬದಲಾಗುವುದೇ ಅವನಿಗೆ ಬೇಕಿರಲಿಲ್ಲ ಎಂಬ ಟೀಕೆಯೂ ಇದೆ, ಅದರಲ್ಲಿ ಹುರುಳಿದೆ. ಅವನು ಬೇಡವೆಂದರೂ ಜನ ಕಾಫಿ ಬೆಳೆದರು, ಮಕ್ಕಳನ್ನು ಇಂಗ್ಲಿಷ್ ಓದಿಸಿದರು.

ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ:

ಇಷ್ಟು ಹೊತ್ತು ಓದಿದೆ, ಕಿಹಾಂಬ ಯಾರ ಕೈಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ! ಕುಲಶಾಸ್ತ್ರದ ಬರಹಗಳಲ್ಲಿ ಪದೇ ಪದೇ ಬರುವ ಪದ್ಧತಿ ಹೀಗಿದೆ: ಹಿರಿಯ ಮಗನಿಗೆ ಒಂದು ಪಾಲು, ಕಿರಿಯ ಮಗನಿಗೆ ತಂದೆತಾಯಿಯ ಮನೆ ಮತ್ತು ಅದರ ಸುತ್ತಲಿನ ತೋಟ. ನಡುವಿನವರು ಹೊಸ ನೆಲ ಕಡಿದುಕೊಳ್ಳಬೇಕು. ಖಾಲಿ ನೆಲ ಇದ್ದಾಗ ಇದು ನಡೆಯಿತು. ಇಪ್ಪತ್ತನೇ ಶತಮಾನದ ನಡುಭಾಗಕ್ಕೆ ಬೆಟ್ಟ ತುಂಬಿತು. ಮೇಲೆ ಮೀಸಲು ಅರಣ್ಯ, ಕೆಳಗೆ ಬಿಳಿಯರ ಎಸ್ಟೇಟು. ನಡುವಿನ ಮಗನ ಪಾಲಿಗೆ ಉಳಿದದ್ದು ಶಾಲೆ ಮತ್ತು ಬಸ್ಸು. ಚಗ್ಗಾದವರು ದೇಶದ ತುಂಬ ಅಂಗಡಿಕಾರರಾಗಿ, ಗುಮಾಸ್ತರಾಗಿ, ವೈದ್ಯರಾಗಿ ಹರಡಿದ್ದಕ್ಕೆ ಅವರ ಬುದ್ಧಿವಂತಿಕೆಯನ್ನು ಹೊಗಳುತ್ತಾರೆ. ನಾನಾದರೆ ಮೊದಲು ಈ ಇಕ್ಕಟ್ಟನ್ನು ನೋಡುತ್ತೇನೆ.

ಹೆಣ್ಣುಮಕ್ಕಳು ಈ ಲೆಕ್ಕದಲ್ಲೇ ಇಲ್ಲ. ಗೊನೆ ಹೊರುವವಳು, ಹುಲ್ಲು ತರುವವಳು, ಚರ್ಚಿನ ಬೆಂಚು ತುಂಬುವವಳು ಅವಳೇ, ನೆಲ ಮಾತ್ರ ಗಂಡಿನದು. ಟಾಂಜಾನಿಯಾದ 1999ರ ಗ್ರಾಮ ಭೂ ಕಾಯ್ದೆ ಹೆಣ್ಣಿಗೆ ಭೂಮಿ ನಿರಾಕರಿಸುವ ರೂಢಿ ಊರ್ಜಿತವಲ್ಲ ಎನ್ನುತ್ತದೆ. ಅದಕ್ಕೂ ಮೊದಲು, 1990ರಲ್ಲಿ, ಮ್ವಾಂಜಾದ ಹೈಕೋರ್ಟು ಹಾಯಾ ಸಮುದಾಯದ ಮಹಿಳೆಯೊಬ್ಬಳು ತಂದೆಯಿಂದ ಬಂದ ವಂಶದ ಭೂಮಿಯನ್ನು ಮಾರಬಹುದು ಎಂದು ತೀರ್ಪಿತ್ತಿತ್ತು. ಹಾಯಾದವರೂ ವಿಕ್ಟೋರಿಯಾ ಸರೋವರದ ಪಶ್ಚಿಮ ದಂಡೆಯಲ್ಲಿ ಬಾಳೆ, ಕಾಫಿ ಬೆಳೆಯುವ ಬಾಂಟು ರೈತರೇ. ಇಷ್ಟಾದರೂ 1963ರಲ್ಲಿ ಬರಹಕ್ಕಿಳಿಸಿದ ರೂಢಿ ಕಾನೂನಿನ ಉತ್ತರಾಧಿಕಾರದ ನಿಯಮಗಳು ಹೆಣ್ಣನ್ನು ಕೊನೆಯ ಸಾಲಿಗೇ ತಳ್ಳುತ್ತವೆ. ಮೋಶಿ ಸರ್, ಇದರಲ್ಲಿ ಚರ್ಚ್ ಏನು ಮಾಡುತ್ತಿದೆ? ಪ್ರವಚನದಲ್ಲಿ ಸಮಾನತೆ ಹೇಳಿ ಹರಾಜು ಮುಗಿಸಿ ಮನೆಗೆ ಹೋಗುತ್ತದೆಯೇ?

ಮೂಡಿಗೆರೆ ತೋಟಗಾರ:

ತಂಗಿ, ಅಷ್ಟು ದೂರ ಹೋಗಬೇಡಿ. ನಮ್ಮಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಡುವ ರಾಜ್ಯದ ತಿದ್ದುಪಡಿ ಬಂತು. ಆದರೂ ತೋಟದ ಪಾಲಿನ ದಿನ ಅಕ್ಕತಂಗಿಯರು ಉಪನೋಂದಣಾಧಿಕಾರಿ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಸೀರೆ ಇಸಿದುಕೊಂಡು ಹೋಗುವುದನ್ನು ನೋಡುತ್ತಲೇ ಇದ್ದೇನೆ.

ಕಾಫಿಯ ಬಗ್ಗೆ ಒಂದು ಮಾತು. ಟಾಂಜಾನಿಯಾದ ಹಳೆಯ ತಳಿಗಳಲ್ಲಿ ಕೆಪಿ 423 ಎಂಬುದೊಂದಿದೆ. ಕಿಲಿಮಂಜಾರೊದ ಲ್ಯಾಮುಂಗೊ ಸಂಶೋಧನಾ ಕೇಂದ್ರದಲ್ಲಿ ಆಯ್ದದ್ದು. ಅದರ ಮೂಲ ಕೆಂಟ್ ತಳಿ, ಅಂದರೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ನಮ್ಮ ಮೈಸೂರು ಸೀಮೆಯ ತೋಟವೊಂದರಲ್ಲಿ ಎಲೆ ತುಕ್ಕು ರೋಗ ತಡೆಯುತ್ತದೆಂದು ಬಿಳಿಯ ಪ್ಲಾಂಟರ್ ಒಬ್ಬ ಆರಿಸಿದ್ದು. ನಮ್ಮ ಗಿಡ ಅಲ್ಲಿ ಇದೆ. ಈಗ ಬೆಲೆ ಹೇಗಿದೆ, ಬೆಳೆಗಾರರು ಉಳಿದಿದ್ದಾರೆಯೇ?

ಮೋಶಿನಿವಾಸಿ:

ತೋಟಗಾರರೇ, ಕೆಂಟ್ ವಿಷಯ ಹೇಳಿ ಖುಷಿ ಕೊಟ್ಟಿರಿ. ಇಲ್ಲಿ ಕಾಫಿಯ ಹಳೆಯ ಗತ್ತು ಹೋಗಿದೆ. 1925ರಲ್ಲಿ ಸಣ್ಣ ಬೆಳೆಗಾರರು ಸಂಘ ಕಟ್ಟಿದರು. ಆಫ್ರಿಕನ್ನರು ಕಾಫಿ ಬೆಳೆಯುವುದೇ ಎಸ್ಟೇಟಿನ ಬಿಳಿಯರಿಗೆ ಕಣ್ಣುರಿ, ಅದನ್ನು ಎದುರಿಸಿ ಬೆಳೆದ ಸಂಘ. 1933ರಲ್ಲಿ ಅದು ಸಹಕಾರ ಒಕ್ಕೂಟವಾಯಿತು. ಶಾಲೆ, ರಸ್ತೆ, ಹೊರದೇಶದಲ್ಲಿ ಓದಲು ವಿದ್ಯಾರ್ಥಿವೇತನ ಎಲ್ಲ ಕಾಫಿಯ ದುಡ್ಡಿನಿಂದ. 1976ರಲ್ಲಿ ಸರ್ಕಾರ ದೇಶದ ಸಹಕಾರ ಒಕ್ಕೂಟಗಳನ್ನೇ ವಿಸರ್ಜಿಸಿತು, ಎಂಬತ್ತರ ದಶಕದಲ್ಲಿ ಮರಳಿ ತಂದಿತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಮುರಿದು ಬೆಲೆ ನೆಲ ಕಚ್ಚಿದ್ದು ನಿಮಗೂ ನೆನಪಿರುತ್ತದೆ. ಅದರ ಮೇಲೆ ಕಾಫಿ ಕಾಯಿ ಕೊಳೆಸುವ ರೋಗ. ನಿಮ್ಮ ಪುಣ್ಯ, ಅದು ಭಾರತಕ್ಕೆ ಬಂದಿಲ್ಲ. ಹಲವರು ಗಿಡ ಕಿತ್ತರು, ಟೊಮೆಟೊ, ಹಾಲು, ಬಾಳೆಗೆ ತಿರುಗಿದರು. ಹೊಸ ರೋಗನಿರೋಧಕ ತಳಿ ಹಾಕಿ ಉಳಿದವರೂ ಇದ್ದಾರೆ. ನಮ್ಮ ಹಾಲಿನ ಅಮ್ಮನ ತೋಟದಲ್ಲಿ ಗಂಡ ನೆಟ್ಟ ಕಾಫಿ ಸಾಲುಗಳು ಹಾಗೇ ಇವೆ. ಕೊಯ್ಯುತ್ತಾರೆ, ಆದರೆ ಮನೆ ನಡೆಯುವುದು ಹಸುವಿನಿಂದ.

ವಿದ್ಯಾರ್ಥಿನಿಯವರ ಪ್ರಶ್ನೆಗೆ: ನಾನು ಕಂಡ ಮಟ್ಟಿಗೆ ಚರ್ಚ್ ಎರಡು ನಾಲಿಗೆಯಲ್ಲಿ ಮಾತಾಡುತ್ತದೆ. ಗಂಡ ಸತ್ತ ಮೇಲೆ ಭಾವಂದಿರು ತೋಟಕ್ಕೆ ಕೈ ಹಾಕಿದಾಗ ಪಾಸ್ಟರ್ ಬಂದು ವಿಧವೆಯ ಪರ ಕುಳಿತದ್ದನ್ನು ನೋಡಿದ್ದೇನೆ, ಆಕೆ ಉಳಿದುಕೊಂಡಳು. ಆದರೆ ಮಗಳ ಪಾಲಿನ ಮಾತು ಬಂದರೆ ಅದೇ ಹಿರಿಯರ ಸಮಿತಿ ಕೆಮ್ಮುತ್ತದೆ, ಸಮಿತಿಯಲ್ಲಿ ಕುಳಿತವರೆಲ್ಲ ಅಣ್ಣತಮ್ಮಂದಿರೇ. ಓದಿ ನೌಕರಿ ಮಾಡುವ ಹೆಣ್ಣುಮಕ್ಕಳು ಈಗ ಮೋಶಿ ಹೊರವಲಯದಲ್ಲಿ ತಮ್ಮ ಹೆಸರಿನಲ್ಲೇ ನಿವೇಶನ ಕೊಳ್ಳುತ್ತಿದ್ದಾರೆ. ಕಿಹಾಂಬಕ್ಕಾಗಿ ಜಗಳಕ್ಕೆ ಹೋಗುವವರು ಕಡಿಮೆ. ಮದುವೆಯಾಗದ ಮಗಳಿಗೆ ಜೀವಿತಾವಧಿಗೆ ಒಂದು ಮೂಲೆ ಬಿಟ್ಟುಕೊಟ್ಟ ತಂದೆಯರೂ ಇದ್ದಾರೆ, ಬರಹದಲ್ಲಿ ಅಲ್ಲ, ಬಾಯಿಮಾತಿನಲ್ಲಿ.

ಸಂಶಯಿ:

ಕಾಫಿ ಹೋಯಿತು, ನೆಲ ಚೂರಾಯಿತು, ಮಕ್ಕಳು ದಾರ್ ಎಸ್ ಸಲಾಮಿಗೆ ಹೋದರು. ಹಾಗಾದರೆ ನಿಮ್ಮ ಕಿಹಾಂಬದ ನಂಬಿಕೆ ಇನ್ನೊಂದು ತಲೆಮಾರಿಗೆ ಉಳಿಯುತ್ತದೆಯೇ?

ಮೋಶಿನಿವಾಸಿ:

ಡಿಸೆಂಬರಿನಲ್ಲಿ ಬಂದು ನೋಡಿ ಸರ್. ದಾರ್‌ನಿಂದ ಮೋಶಿಗೆ ಬಸ್ ಸೀಟು ಸಿಗುವುದಿಲ್ಲ, ರಸ್ತೆಯುದ್ದಕ್ಕೂ ಕಾರುಗಳ ಸಾಲು. ಕ್ರಿಸ್ಮಸ್ಸಿಗೆ ಬೆಟ್ಟ ಹತ್ತದ ಚಗ್ಗಾದವನ ಬಗ್ಗೆ ಟಾಂಜಾನಿಯಾದ ಇತರರು ಮಾಡುವ ಹಾಸ್ಯಕ್ಕೆ ಲೆಕ್ಕವಿಲ್ಲ. ಮಗುವಿನ ಸ್ನಾನದೀಕ್ಷೆ, ಹದಿಹರೆಯದವರ ದೃಢೀಕರಣ, ಮದುವೆ, ಸಮಾಧಿಗೆ ಸುಣ್ಣಬಣ್ಣ, ದಾಯಾದಿ ವ್ಯಾಜ್ಯದ ಪಂಚಾಯಿತಿ ಎಲ್ಲವನ್ನೂ ಆ ಎರಡು ವಾರಕ್ಕೆ ತುರುಕುತ್ತಾರೆ. ನಗರದಲ್ಲಿ ಸತ್ತವರ ದೇಹವನ್ನೂ ನೂರಾರು ಕಿಲೋಮೀಟರ್ ದೂರದಿಂದ ತೋಟಕ್ಕೇ ತರುತ್ತಾರೆ. ಜನವರಿಗೆ ಮತ್ತೆ ಮುದುಕರು ಮತ್ತು ಹಸುಗಳು. ಉಳಿಯುತ್ತದೆಯೇ ಎಂದರೆ, ಬೇಸಾಯವಾಗಿ ಸೊರಗಬಹುದು. ಹೂಳುವ ನೆಲವಾಗಿ ಇರುವವರೆಗೆ ಅದನ್ನು ಬಿಟ್ಟುಕೊಡುವವರು ನನಗೆ ಕಾಣುತ್ತಿಲ್ಲ.

ನೈರೋಬಿ ಕನ್ನಡತಿ:

ಹೊಸದಾಗಿ ಸೇರಿದ್ದೇನೆ. ಕ್ರಿಸ್ಮಸ್ ರಜೆಯಲ್ಲಿ ಅತ್ತೆಯವರನ್ನು ಕರೆದುಕೊಂಡು ಮೋಶಿಗೆ ಬರುವ ಯೋಚನೆಯಿದೆ. ನಾವು ಕ್ರೈಸ್ತರಲ್ಲ, ಅತ್ತೆ ಶುದ್ಧ ಸಸ್ಯಾಹಾರಿ. ಬೆಟ್ಟದ ಮೇಲಿನ ಚರ್ಚಿಗೆ, ಯಾರದಾದರೂ ಕಿಹಾಂಬಕ್ಕೆ ಹೋಗಬಹುದೇ? ಏನು ತೆಗೆದುಕೊಂಡು ಹೋಗಬೇಕು?

ಮೋಶಿನಿವಾಸಿ:

ಧಾರಾಳವಾಗಿ ಬನ್ನಿ ಮೇಡಂ. ಅತಿಥಿಗಳನ್ನು ಆರಾಧನೆಯ ನಡುವೆ ಎದ್ದು ನಿಲ್ಲಿಸಿ ಪರಿಚಯ ಕೇಳುತ್ತಾರೆ, ಸ್ವಾಹಿಲಿಯಲ್ಲಿ ಎರಡು ಮಾತು ಕಲಿತಿರಿ. ಹಿರಿಯರಿಗೆ "ಶಿಕಾಮೊ" ಎನ್ನಲು ಮರೆಯಬೇಡಿ. ಮನೆಗೆ ಹೋಗುವಾಗ ಸಕ್ಕರೆ, ಚಹಾಪುಡಿ, ಬ್ರೆಡ್ ಒಯ್ದರೆ ಸಾಕು. ಅತ್ತೆಯವರಿಗೆ ಬಾಳೆಕಾಯಿ ಮತ್ತು ಹುರುಳಿಕಾಯಿಯ ಕಾಳು ಬೇಯಿಸಿ ಕಲಸಿದ ಕಿಬುರು ಕೇಳಿ. ಮಾಂಸ ಹಾಕಬೇಡಿ ಎಂದು ಹಿಂದಿನ ದಿನವೇ ಹೇಳಿಡಿ, ಒಲೆಯ ಮುಂದೆ ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ. ಬಸ್ ಟಿಕೆಟ್ ನವೆಂಬರಿನಲ್ಲೇ ಮಾಡಿಸಿ. ಹರಾಜಿನಲ್ಲಿ ಕೈ ಎತ್ತುವ ಮುನ್ನ ಜೇಬು ನೋಡಿಕೊಳ್ಳಿ, ಕೋಳಿ ನಿಮ್ಮ ಪಾಲಿಗೆ ಬಂದರೆ ಅತ್ತೆಯವರಿಗೆ ಉತ್ತರ ಹೇಳಬೇಕಾದವರು ನೀವೇ.